ಪ್ಲ್ಯಾಬ್ ಪಾಸಾದರೆ ಕೆಲಸ ಸಿಕ್ಕಂತೆಯೇ?

ಎಂಬಿಬಿಎಸ್ ಮುಗಿಸಿದ ಹುಡುಗರಿಗೆ ಗಾಳ ಹಾಕುವ ಬ್ಯಾನರುಗಳು ಈಗ ನಮ್ಮ ಜಿಲ್ಲೆಗೂ ಬಂದಿವೆ. ಹಿಂದೆ ಲಂಡನ್ನಿನ ಗಡಿಯಾರ ಗೋಪುರ, ಮುಂದೆ ಸ್ಟೆತಾಸ್ಕೋಪ್ ಹಾಕಿಕೊಂಡು ನಗುವ ಹುಡುಗಿ, ಕೆಳಗೆ ‘ಪ್ಲ್ಯಾಬ್ ಪಾಸ್ ಮಾಡಿ, ಇಂಗ್ಲೆಂಡಿನಲ್ಲಿ ಡಾಕ್ಟರಾಗಿ’ ಅನ್ನೋ ದಪ್ಪ ಅಕ್ಷರ. ಇದನ್ನು ನಂಬಿದ ಅಪ್ಪಂದಿರು ಗದ್ದೆಯ ಪತ್ರ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ದಾರೆ. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಡಾಕ್ಟರುಗಳ ಉಸಾಬರಿ ಯಾಕೆ ಅಂತ ಕೇಳುವವರು ಕೇಳಲಿ. ಪರೀಕ್ಷೆ ಬರೆಯೋಕೆ ಡಿಗ್ರಿ ಬೇಕು ಸ್ವಾಮಿ, ಲೆಕ್ಕ ಕೇಳೋಕೆ ಬೇಡ.

ಒಂದು ಕಾಲಕ್ಕೆ ನಮ್ಮ ಎಂಬಿಬಿಎಸ್‌ಗೆ ಇಂಗ್ಲೆಂಡಿನಲ್ಲಿ ನೇರ ಮಾನ್ಯತೆ ಇತ್ತು. 1975ರಲ್ಲಿ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್, ಅಂದರೆ ಜಿಎಂಸಿ, ಅದನ್ನು ವಾಪಸ್ ತೆಗೆದುಕೊಂಡು ಪರೀಕ್ಷೆ ಇಟ್ಟಿತು. ಇವತ್ತಿನ ಪ್ಲ್ಯಾಬ್ ಅದರದೇ ಸಂತಾನ. ಮೊದಲು ಇಂಗ್ಲಿಷ್ ಬರುತ್ತೆ ಅಂತ ರುಜುವಾತು ಮಾಡಬೇಕು. ಐಇಎಲ್‌ಟಿಎಸ್ ಆದರೆ ಒಟ್ಟು 7.5, ಓದು, ಬರಹ, ಕೇಳು, ಮಾತು ಒಂದೊಂದರಲ್ಲೂ 7ಕ್ಕೆ ಕಡಿಮೆ ಇಲ್ಲದಂತೆ. ಇಡೀ ಎಂಬಿಬಿಎಸ್ಸನ್ನು ಇಂಗ್ಲಿಷಿನಲ್ಲೇ ಓದಿದವರೂ ಬರಹದಲ್ಲಿ ಅರ್ಧ ಅಂಕಕ್ಕೆ ಮುಗ್ಗರಿಸುವುದುಂಟು. ಆಮೇಲೆ ಮೊದಲನೇ ಭಾಗ: ಮೂರು ಗಂಟೆ, 180 ಪ್ರಶ್ನೆ. ಇದನ್ನು ಭಾರತದಲ್ಲೇ ಬರೆಯಬಹುದು. ಎರಡನೇ ಭಾಗಕ್ಕೆ ಮಾತ್ರ ಮ್ಯಾಂಚೆಸ್ಟರಿಗೇ ಹೋಗಬೇಕು, ಬೇರೆ ಎಲ್ಲೂ ನಡೆಯಲ್ಲ.

ಈ ಎರಡನೇ ಭಾಗದ ವಿಚಾರ ಸ್ವಲ್ಪ ಹೇಳಲೇಬೇಕು. ಸಾಲಾಗಿ 16 ಕೋಣೆಗಳಂತೆ ಏರ್ಪಾಟು. ಒಂದೊಂದರಲ್ಲಿ ಎಂಟೆಂಟು ನಿಮಿಷ. ಹೆಚ್ಚಿನ ಕಡೆ ಕೂತಿರೋದು ರೋಗಿಯಲ್ಲ, ರೋಗಿಯ ಪಾರ್ಟು ಮಾಡುವ ನಟ. ಹೆಸರು ಹೇಳಿ ಪರಿಚಯ ಮಾಡಿಕೊಳ್ಳಬೇಕು, ಮುಟ್ಟುವ ಮುಂಚೆ ಅಪ್ಪಣೆ ಕೇಳಬೇಕು, ‘ನಿಮಗೆ ಯಾವುದರ ಭಯ’ ಅಂತ ವಿಚಾರಿಸಬೇಕು, ಕೆಟ್ಟ ಸುದ್ದಿಯಿದ್ದರೆ ಮೆತ್ತಗೆ ತಿಳಿಸಬೇಕು. ರೋಗ ಸರಿಯಾಗಿ ಕಂಡುಹಿಡಿದೂ ಒರಟಾಗಿ ಮಾತಾಡಿದರೆ ನಂಬರು ಖೋತಾ. ಇದನ್ನು ಕಲಿಯೋಕೆ ನಮ್ಮ ಹುಡುಗರು ವಾರಗಟ್ಟಲೆ ಕನ್ನಡಿ ಮುಂದೆ ಅಭ್ಯಾಸ ಮಾಡ್ತಾರೆ. ಒಳ್ಳೇದೇ. ಆದರೆ ನಮ್ಮ ಸರ್ಕಾರಿ ಆಸ್ಪತ್ರೆಗಳ ಸಾಲಿನಲ್ಲಿ ಬೆಳಿಗ್ಗೆ ಏಳಕ್ಕೇ ಬಂದು ನಿಂತ ಅಜ್ಜಿಗೆ ‘ಏನಮ್ಮ, ಬೇಗ ಹೇಳು’ ಅನ್ನೋದಷ್ಟೇ ಸಿಗುವಾಗ, ಮ್ಯಾಂಚೆಸ್ಟರಿನ ನಟನಿಗೆ ಅಷ್ಟು ಮರ್ಯಾದೆ ಕಾದಿದೆಯಲ್ಲ ಅಂತ ಹೊಟ್ಟೆ ಉರಿಯುತ್ತೆ. ಡಾಕ್ಟರ ತಪ್ಪು ಅಂತಲೂ ಪೂರ್ತಿ ಅನ್ನೋಕಾಗಲ್ಲ. ಒಬ್ಬರ ಮುಂದೆ ನೂರು ಚೀಟಿ ಇದ್ದರೆ ಎಂಟು ನಿಮಿಷ ಎಲ್ಲಿಂದ ತರ್ತಾರೆ?

ಇರಲಿ, ದುಡ್ಡಿನ ಮಾತಿಗೆ ಬರೋಣ. ಇಂಗ್ಲಿಷ್ ಪರೀಕ್ಷೆ, ಎರಡು ಭಾಗಗಳ ಶುಲ್ಕ, ಪದವಿ ಪತ್ರದ ತಪಾಸಣೆ, ವೀಸಾ, ವಿಮಾನ, ಮ್ಯಾಂಚೆಸ್ಟರಿನಲ್ಲಿ ಬಾಡಿಗೆ, ಕೊನೆಗೆ ಜಿಎಂಸಿ ನೋಂದಣಿ. ಎರಡನೇ ಭಾಗದ ಶುಲ್ಕವೇ ಒಂದು ಸಾವಿರ ಪೌಂಡಿನ ಆಸುಪಾಸು, ಅಂದರೆ ಲಕ್ಷ ರೂಪಾಯಿಗೂ ಮೇಲೆ. ಕೋಚಿಂಗಿನವರ ಬಾಬತ್ತು ಬೇರೆ. ಇಷ್ಟೆಲ್ಲಾ ಆದ ಮೇಲೆ ಕೈಗೆ ಬರೋದು ಏನು? ಲೈಸೆನ್ಸು. ಕೆಲಸ ಅಲ್ಲ. ಪಾಸಾದ ಮಾತ್ರಕ್ಕೆ ಉದ್ಯೋಗದ ಖಾತ್ರಿ ಇಲ್ಲ ಅಂತ ಪರೀಕ್ಷೆ ನಡೆಸುವ ಜಿಎಂಸಿಯೇ ಹೇಳುತ್ತೆ. ಬ್ಯಾನರು ಮಾತ್ರ ಹೇಳಲ್ಲ.

ಐದಾರು ವರ್ಷದ ಹಿಂದೆ ಪರಿಸ್ಥಿತಿ ಬೇರೆ ಇತ್ತು. ಅಲ್ಲಿ ಡಾಕ್ಟರುಗಳ ಅಭಾವ, ಪಾಸಾದವರಿಗೆ ಬೇಗನೇ ಕರೆ ಬರ್ತಿತ್ತು. ಆಗ ಹೋಗಿ ನೆಲೆ ನಿಂತ ಅಣ್ಣಂದಿರು ರಜೆಗೆ ಊರಿಗೆ ಬಂದಾಗ ಹೇಳುವ ಕಥೆ ಸುಳ್ಳಲ್ಲ, ಹಳೇದು. 2025ರಲ್ಲಿ ಅಲ್ಲಿನ ಸ್ಪೆಷಲಿಸ್ಟ್ ತರಬೇತಿಯ ಸುಮಾರು 10 ಸಾವಿರ ಜಾಗಕ್ಕೆ 30 ಸಾವಿರಕ್ಕೂ ಮೇಲೆ ಜನ ಅರ್ಜಿ ಹಾಕಿದ್ದರು. ಅಲ್ಲೇ ಓದಿದ ಮಕ್ಕಳೇ ಕೆಲಸ ಇಲ್ಲ ಅಂತ ಕೂಗಾಡಿದರು. ಅದೇ ವರ್ಷ ಜುಲೈನಲ್ಲಿ ಅಲ್ಲಿನ ಸರ್ಕಾರ ತನ್ನ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ, ಈ ತರಬೇತಿಗೆ ತಮ್ಮ ದೇಶದಲ್ಲಿ ಓದಿದವರಿಗೆ ಮತ್ತು ಅಲ್ಲಿನ ಆಸ್ಪತ್ರೆಗಳಲ್ಲಿ ಈಗಾಗಲೇ ದುಡಿದವರಿಗೆ ಮೊದಲ ಮಣೆ ಅಂತ ಬರೆಯಿತು. ತಪ್ಪೇನಿಲ್ಲ, ಅವರ ಮನೆ, ಅವರ ಮಣೆ. ಆದರೆ ಮಂಡ್ಯದ ಹುಡುಗ ಆ ಪಂಕ್ತಿಯಲ್ಲಿ ಎಲ್ಲಿ ಕೂರ್ತಾನೆ ಅನ್ನೋದನ್ನು ಸಾಲ ಮಾಡುವ ಮುಂಚೆ ಯೋಚಿಸಬೇಕು. ತರಬೇತಿಯ ಜಾಗ ಬಿಟ್ಟು ಸಾಮಾನ್ಯ ಕೆಲಸಕ್ಕೇ ಅರ್ಜಿ ಹಾಕ್ತೀನಿ ಅಂದರೂ ಒಂದು ಹುದ್ದೆಗೆ ನೂರಾರು ಅರ್ಜಿ. ಅಲ್ಲಿನ ಅನುಭವ ಇದೆಯಾ ಅಂತ ಕೇಳ್ತಾರೆ. ಅನುಭವ ಬೇಕಾದರೆ ಸಂಬಳವಿಲ್ಲದೆ ಆಸ್ಪತ್ರೆಯಲ್ಲಿ ನಿಂತು ನೋಡಬೇಕು, ಊಟ ಬಾಡಿಗೆ ಅಪ್ಪನದು.

ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಬರಲ್ಲ. ಈ ಓಡಾಟದಲ್ಲಿ ಎರಡು ಮೂರು ವರ್ಷ ಹೋಗುತ್ತೆ. ಅಷ್ಟರಲ್ಲಿ ಇಲ್ಲಿ ಪಿಜಿ ನೀಟ್‌ಗೆ ಕೂತ ಗೆಳೆಯ ಎಂಡಿ ಅರ್ಧ ಮುಗಿಸಿರುತ್ತಾನೆ. ವಾಪಸ್ ಬಂದವನು ಮೊದಲಿನಿಂದ ಪುಸ್ತಕ ಹಿಡಿಯಬೇಕು, ಮನೆಯವರ ಎದುರು ಮುಖ ಎತ್ತೋಕೂ ಸಂಕೋಚ.

ಹೋಗಲೇಬೇಡಿ ಅನ್ನುವ ಅಧಿಕಾರ ನನಗಿಲ್ಲ. ಖಾಸಗಿ ಕಾಲೇಜಿನ ಪಿಜಿ ಸೀಟಿನ ರೇಟು ಕೇಳಿದರೆ ಯಾರಿಗಾದರೂ ವಿಮಾನ ಹತ್ತುವ ಮನಸ್ಸಾಗುತ್ತೆ. ಹೋಗುವವರು ಕಣ್ಣು ಬಿಟ್ಟುಕೊಂಡು ಹೋಗಲಿ ಅಷ್ಟೇ. ಮೆಡಿಕಲ್ ಕಾಲೇಜಿನವರು ಕೊನೇ ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಒಂದು ಮಧ್ಯಾಹ್ನ ಕೂರಿಸಿ, ಈಗ ಅಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರ ಹತ್ತಿರ ಫೋನಿನಲ್ಲೇ ಮಾತಾಡಿಸಲಿ. ಖರ್ಚಿಲ್ಲದ ಕೆಲಸ. ಕೋಚಿಂಗಿನವರಿಗೂ ಒಂದು ಮಾತು. ನಿಮ್ಮಲ್ಲಿ ಓದಿ ಎಷ್ಟು ಜನ ಪಾಸಾದರು ಅಂತ ಹಾಕ್ತೀರಲ್ಲ, ಹೋದ ವರ್ಷ ಪಾಸಾದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನೋದನ್ನೂ ಅದರ ಪಕ್ಕದಲ್ಲೇ ಹಾಕಿ. ಜಾಗ ಸಾಲದಿದ್ದರೆ ಲಂಡನ್ ಗಡಿಯಾರವನ್ನು ಸ್ವಲ್ಪ ಚಿಕ್ಕದು ಮಾಡಿಸಿದರಾಯ್ತು.