ಬಿಲ್ಲಿನಲ್ಲಿ ಕಾಣದ ಬೂದಿ

ವೆಸ್ಟ್ ಬೇಯ ಎತ್ತರದ ಕಟ್ಟಡಗಳಲ್ಲಿ ಬೇಸಿಗೆಯಿಡೀ ಎ.ಸಿ. ನಿಲ್ಲುವುದಿಲ್ಲ. ಕತಾರಿನ ವಿದ್ಯುತ್ತಿಗೆ ಮುಖ್ಯ ಇಂಧನ ನೈಸರ್ಗಿಕ ಅನಿಲ. ಕೊಳವೆಯಲ್ಲಿ ಬರುತ್ತದೆ, ಉರಿದರೆ ಬೂದಿ ಉಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಔಷಧದ ಫ್ರಿಜ್ಜಿನ ತಾಪಮಾನ ಬರೆದಿಡುವಾಗ ನನಗೆ ನಮ್ಮ ಜಿಲ್ಲೆಯ ಶಕ್ತಿನಗರ ನೆನಪಾಗುತ್ತದೆ.

ಅಲ್ಲಿನ ರಾಯಚೂರು ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕಗಳಿವೆ, ಸಾಮರ್ಥ್ಯ 1720 ಮೆಗಾವ್ಯಾಟ್. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರ, ಒಡಿಶಾಗಳಿಂದ ಗೂಡ್ಸ್ ರೈಲಿನಲ್ಲಿ ಬರಬೇಕು. ಒಂದು ರೈಲಿನಲ್ಲಿ ಸುಮಾರು 3,500ರಿಂದ 4,000 ಟನ್. ವ್ಯಾಗನ್ನಿನಿಂದ ಇಳಿಸಿ, ಬೆಲ್ಟಿನ ಮೇಲೆ ಸಾಗಿಸಿ, ಮುಖದ ಪೌಡರಿನಷ್ಟು ನುಣ್ಣಗೆ ಅರೆದು ಬಾಯ್ಲರಿನೊಳಕ್ಕೆ ಊದುತ್ತಾರೆ. ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬೂದಿ. ಸಿಮೆಂಟಿಗೆ, ಇಟ್ಟಿಗೆಗೆ ಹೋಗಿ ಮಿಕ್ಕದ್ದು ಅಲ್ಲೇ ಬೂದಿಹೊಂಡ ಸೇರುತ್ತದೆ. ಬೆಳಕು ಮಾತ್ರ ರಾಜ್ಯಕ್ಕೆಲ್ಲ ಹೋಗುತ್ತದೆ.

ಕೇಂದ್ರ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಎಷ್ಟೋ ಮನೆಗಳ ಅನ್ನ ಅಲ್ಲಿದೆ. ಆದರೆ ಮಾತ್ರೆಯ ಡಬ್ಬಿಯಲ್ಲಿ ಅಡ್ಡಪರಿಣಾಮದ ಚೀಟಿ ಇರುತ್ತದೆ, ಕರೆಂಟ್ ಬಿಲ್ಲಿನಲ್ಲಿ ಅಂಥದ್ದೇನೂ ಇಲ್ಲ. ಕಲ್ಲಿದ್ದಲು ಇಳಿಸುವ ಗುತ್ತಿಗೆ ಕಾರ್ಮಿಕರಿಗೂ ಸುತ್ತಲಿನ ಹಳ್ಳಿಯವರಿಗೂ ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಕಡ್ಡಾಯವಾಗಬೇಕು. ಅದರ ಖರ್ಚು ವಿದ್ಯುತ್ ದರದಲ್ಲೇ ಸೇರಲಿ; ಯೂನಿಟ್ಟಿಗೆ ತುಸು ಹೆಚ್ಚಾದರೂ ಸರಿ.

ಇಲ್ಲಿಗೆ ದುಡಿಯಲು ಬಂದಾಗ ನಮಗೆಲ್ಲ ಎದೆಯ ಎಕ್ಸ್‌ರೇ ತೆಗೆಸಿದರು, ಅಲ್ಲವೇ? ಪರದೇಶದಲ್ಲಿ ನಮಗೆ ಆದದ್ದು ನಮ್ಮೂರಿನ ಕೂಲಿಯವರಿಗೆ ಏಕೆ ಆಗಬಾರದು?