ಹೆಬ್ಬಾಗಿಲೂ ಒಳಮನೆಯೂ

ಅಂತರ್ಜಾಲದಲ್ಲಿ ಹಣ ಸಲ್ಲಿಸುವಾಗ ಪರದೆಯ ಮೇಲೆ 502 ಅಥವಾ 504 ಎಂಬ ಅಂಕೆ ಮೂಡುವುದುಂಟು. ಎರಡೂ ಒಂದೇ ರೋಗವೆಂದು ತಿಳಿಯಲಾಗದು.

ಇಂತಹ ತಾಣಗಳಲ್ಲಿ ಸಾಮಾನ್ಯವಾಗಿ ಇಬ್ಬರು ಸೇವಕರಿರುವರು. ಎಂಜಿನ್‌ಎಕ್ಸ್‌ನಂತಹ ವೆಬ್ ಸರ್ವರ್ ಹೆಬ್ಬಾಗಿಲಲ್ಲಿ ನಿಂತು ನಮ್ಮ ಕೋರಿಕೆಯನ್ನು ಪಡೆಯುವನು. ಲೆಕ್ಕ ನೋಡಿ ಕೆಲಸ ನಡೆಸುವವನು ಒಳಗಿನ ಅಪ್ಲಿಕೇಶನ್ ಸರ್ವರ್. ಒಳಗಿನವನು ಎಚ್ಚರದಲ್ಲಿಲ್ಲದಿದ್ದರೆ, ಇಲ್ಲವೆ ಹೊರಗಿನವನು ಪೋರ್ಟ್ ಎಂಬ ಬಾಗಿಲ ಸಂಖ್ಯೆಯನ್ನು ತಪ್ಪಿದರೆ, ಬಹುಮಟ್ಟಿಗೆ 502 ತೋರುವುದು. ಕಾದು ಕಾದು ಉತ್ತರ ಬಾರದಿದ್ದರೆ 504. ಬೇರೆ ಅಪ್ಪಣೆಯಿಲ್ಲದಿದ್ದಲ್ಲಿ ಎಂಜಿನ್‌ಎಕ್ಸ್ ಕಾಯುವುದು 60 ಸೆಕೆಂಡು ಮಾತ್ರ.

ತಾಣವನ್ನು ನೋಡಿಕೊಳ್ಳುವವರು ಸರ್ವರನ್ನು ಆರಿಸಿ ಹೊತ್ತಿಸುವ ಮುನ್ನ ಅದರ ದೋಷದ ಲಾಗನ್ನು ಓದತಕ್ಕದ್ದು. ಲಿನಕ್ಸ್ ಯಂತ್ರದಲ್ಲಿ 111 ಎಂದಿದ್ದರೆ ಬಾಗಿಲು ತೆರೆದಿಲ್ಲ. ಒಳಗಿನವನು ನಡೆಯುತ್ತಿರುವನೇ, ಪೋರ್ಟ್ ಎರಡು ಕಡೆಯೂ ಒಂದೇ ಆಗಿದೆಯೇ ಎಂದು ನೋಡಬೇಕು. 110 ಎಂದಿದ್ದರೆ ಕಾಲ ಮೀರಿದೆ. ಕಾಯುವ ಅವಧಿಯನ್ನು ಹೆಚ್ಚಿಸಿದ ಮಾತ್ರಕ್ಕೆ ರೋಗ ವಾಸಿಯಾಗದು, ತಡದ ಕಾರಣವನ್ನೇ ಹುಡುಕಬೇಕು.

ಗೃಹಸ್ಥರಿಗೆ ಒಂದು ಮಾತು. ಹೊರಗಿನವನು ಕಾಯುವುದನ್ನು ಬಿಟ್ಟರೂ ಒಳಗಿನವನು ಕೆಲಸವನ್ನು ಮುಗಿಸಿರಬಹುದು. ಆದ್ದರಿಂದ 504 ಕಂಡಾಗ ಬ್ಯಾಂಕಿನ ಲೆಕ್ಕವನ್ನು ನೋಡದೆ ಎರಡನೆಯ ಬಾರಿ ಹಣ ಸಲ್ಲಿಸಬೇಡಿರಿ.