ಪಂಪರ್‌ನಿಕಲ್ಲೂ ನೆಪೋಲಿಯನ್ನನ ಕುದುರೆಯೂ

ಪಂಪರ್‌ನಿಕಲ್ ಎಂಬ ಜರ್ಮನ್ ರೊಟ್ಟಿಯ ಹೆಸರು, ಅದು ತನ್ನ ಕುದುರೆ ನಿಕೋಲಿಗಷ್ಟೇ ತಕ್ಕುದೆಂದು ನೆಪೋಲಿಯನ್ ಫ್ರೆಂಚಿನಲ್ಲಿ ಮೂದಲಿಸಿದುದರಿಂದ ಹುಟ್ಟಿತೆಂದು ಕಳೆದ ಸಂಚಿಕೆಯ ಲೇಖಕ ಮಹಾಶಯರು ಸಾರಿದ್ದಾರೆ. 1769ರಲ್ಲಿ ಜನಿಸಿದವನು 17ನೆಯ ಶತಮಾನದಲ್ಲಿಯೇ ಬಳಕೆಯಲ್ಲಿದ್ದ ಪದಕ್ಕೆ ಜನಕನಾದುದು ಹೇಗೆಂಬುದನ್ನು ಮಾತ್ರ ಅವರು ವಿವರಿಸಲಿಲ್ಲ. ಆ ಪದವು ರೊಟ್ಟಿಗೆ ಅಂಟುವ ಮುನ್ನ ಒರಟನನ್ನು ಜರೆಯುವ ಬೈಗುಳವಾಗಿತ್ತು. ಜರ್ಮನರ ಆಡುನುಡಿಯಲ್ಲಿ ‘ಪಂಪರ್ನ್’ ಎಂದರೆ, ಸಭ್ಯ ವಾಚಕರು ಮನ್ನಿಸಬೇಕು, ಹೂಸುವುದು. ‘ನಿಕಲ್’ ಎಂಬುದು ನಿಕೊಲಾಸನ ಮೊಟಕುರೂಪ, ತುಂಟ ಪಿಶಾಚಿಗೂ ಸಲ್ಲುವಂಥದು. ವೆಸ್ಟ್‌ಫಾಲಿಯಾದ ಒಲೆಯ ಮಂದವಾದ ಕಾವಿನಲ್ಲಿ 16 ಗಂಟೆಗಳಿಗೂ ಮೀರಿ ಬೆಂದು, ಕಾಕಂಬಿಯ ಹಂಗಿಲ್ಲದೆಯೇ ಕಪ್ಪೇರುವ, ತರಿತರಿಯಾದ ರೈ ಧಾನ್ಯದ ಆ ಗಟ್ಟಿ ರೊಟ್ಟಿಯು ಉದರದಲ್ಲಿ ಎಬ್ಬಿಸುವ ಕೋಲಾಹಲವನ್ನು ಬಲ್ಲವರಿಗೆ ಈ ವ್ಯುತ್ಪತ್ತಿ ಅಸಹಜವೆನಿಸದು. ಲೇಖಕರು ಆ ಕುದುರೆಯನ್ನು ಲಾಯಕ್ಕೆ ಮರಳಿಸುವುದು ಲೇಸು.